ಐದು ನಿಮಿಷಕ್ಕೆ 7,200 ಫ್ರೇಮ್

ಪಿಯುಸಿ ರಿಸಲ್ಟ್ ಬಂತು, ಸೀಟಿಗಾಗಿ ಓಡಾಟ ಶುರುವಾಯ್ತು. ಈ ಗದ್ದಲದ ನಡುವೆ ಕೆಲವು ಮನೆಗಳಲ್ಲಿ ಒಂದು ಸಣ್ಣ ಯುದ್ಧ ನಡೀತಾ ಇರುತ್ತೆ. ಮಗಳು ಹೇಳ್ತಾಳೆ, "ಅಪ್ಪಾ, ನಾನು ಅನಿಮೇಷನ್ ಓದ್ತೀನಿ." ಅಪ್ಪ ಕೇಳ್ತಾರೆ, "ಕಾರ್ಟೂನ್ ಬರೆಯೋಕೆ ಡಿಗ್ರಿ ಯಾಕಮ್ಮ? ಅದಕ್ಕೆ ಲಕ್ಷಗಟ್ಟಲೆ ಫೀಸು ಬೇರೆ!"

ಅಪ್ಪನ ಪ್ರಶ್ನೆ ತಪ್ಪಲ್ಲ. ಫೀಸು ಕಟ್ಟುವವರು ಕೇಳಲೇಬೇಕು. ಆದರೆ ಉತ್ತರ ಸಿಗೋದು ಕಾಲೇಜಿನ ಬಣ್ಣದ ಬ್ರೋಷರ್‌ನಲ್ಲಿ ಅಲ್ಲ. ಕೊನೆಯ ವರ್ಷದಲ್ಲಿ ವಿದ್ಯಾರ್ಥಿ ಮಾಡುವ ಕಿರುಚಿತ್ರದಲ್ಲಿ.

ಸ್ವಲ್ಪ ಲೆಕ್ಕ ಹಾಕೋಣ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಫ್ರೇಮ್. ಐದು ನಿಮಿಷಕ್ಕೆ 7,200. ಕೈಯಲ್ಲಿ ಬರೆಯುವವರು ಸಾಮಾನ್ಯವಾಗಿ ಒಂದೊಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸ್ತಾರೆ. ಹಾಗಂದುಕೊಂಡರೂ 3,600 ಚಿತ್ರ ಬೇಕು. ದಿನಕ್ಕೆ 20 ಬರೆದರೆ 180 ದಿನ. ಅಂದ್ರೆ ಭಾನುವಾರವೂ ರಜೆ ಇಲ್ಲದ ಆರು ತಿಂಗಳು! ಬಣ್ಣ, ಹಿನ್ನೆಲೆ, ಸಂಗೀತ, ಸಂಕಲನ ಇದರಲ್ಲಿ ಸೇರಿಲ್ಲ.

ಅದಕ್ಕೂ ಮೊದಲು ಕಥೆ ಬೇಕು. ಕಥೆಯನ್ನು ಚೌಕಟ್ಟು ಚೌಕಟ್ಟಾಗಿ ಬರೆದ ಸ್ಟೋರಿಬೋರ್ಡ್ ಬೇಕು. ಆ ಚಿತ್ರಗಳನ್ನು ತಾತ್ಕಾಲಿಕ ಧ್ವನಿಯ ಜೊತೆ ಜೋಡಿಸಿ ಓಡಿಸಿ ನೋಡಬೇಕು. ಅದಕ್ಕೆ ಅನಿಮ್ಯಾಟಿಕ್ ಅಂತಾರೆ. ಮಾತಿದ್ದರೆ ಅದು ಮೊದಲೇ ರೆಕಾರ್ಡ್ ಆಗಬೇಕು, ತುಟಿ ಆಡಿಸೋದು ಆಮೇಲೆ. ಕಥೆ ಉದ್ದ ಆಗಿದೆ ಅನ್ನೋದು ಈ ಹಂತದಲ್ಲೇ ಗೊತ್ತಾದರೆ ಒಂದು ಗೀಟು ಎಳೆದು ತೆಗೆದುಬಿಡಬಹುದು. ಎಲ್ಲಾ ಬರೆದ ಮೇಲೆ ಹತ್ತು ಸೆಕೆಂಡ್ ಕತ್ತರಿಸಿದರೆ? 120 ಚಿತ್ರ, ಆರು ದಿನದ ದುಡಿಮೆ ಕಸದ ಬುಟ್ಟಿಗೆ. ಅನಿಮೇಷನ್ ಪ್ರೊಡಕ್ಷನ್ ಓದೋದು ಅಂದ್ರೆ ಇದೇ. ಯಾವ ಶಾಟ್ ಯಾರು ಮಾಡಬೇಕು, ಎಷ್ಟು ದಿನದಲ್ಲಿ, ಯಾವುದನ್ನು ಬಿಡಬೇಕು. ಚಿತ್ರ ಬರೆಯೋದು ಅದರಲ್ಲಿ ಒಂದು ಪಾಲು ಅಷ್ಟೆ.

ನಾನು ಇಂಜಿನಿಯರಿಂಗ್ ಓದಿದವನು. ಫೈನಲ್ ಇಯರ್ ಪ್ರಾಜೆಕ್ಟ್ ರೆಡಿಮೇಡ್ ಸಿಗುತ್ತೆ ಅನ್ನೋದು ಎಲ್ಲರಿಗೂ ಗೊತ್ತಿರುವ ಗುಟ್ಟು. ದುಡ್ಡು ಕೊಟ್ಟರೆ ರಿಪೋರ್ಟ್ ಬೈಂಡ್ ಆಗಿ ಬರುತ್ತೆ, ಪರೀಕ್ಷಕರು ಹಾಳೆ ತಿರುವಿ ಸಹಿ ಹಾಕ್ತಾರೆ. ಕಿರುಚಿತ್ರದಲ್ಲಿ ಇದು ಕಷ್ಟ. ಪರದೆ ಮೇಲೆ ಓಡಿದ ಮೊದಲ ಮೂವತ್ತು ಸೆಕೆಂಡಿನಲ್ಲೇ ಬಣ್ಣ ಬಯಲು.

ಇಂಗ್ಲೆಂಡಿನ ನಿಕ್ ಪಾರ್ಕ್ ಕಥೆ ಕೇಳಿ. ಅಲ್ಲಿನ ನ್ಯಾಷನಲ್ ಫಿಲ್ಮ್ ಅಂಡ್ ಟೆಲಿವಿಷನ್ ಸ್ಕೂಲ್‌ನಲ್ಲಿ ಓದುವಾಗ, 1982ರಲ್ಲಿ, ಒಂದು ಚಿತ್ರ ಶುರು ಮಾಡಿದರು. ಮಣ್ಣಿನಂಥ ಪ್ಲಾಸ್ಟಿಸಿನ್‌ನ ಬೊಂಬೆಗಳು. ಮನೆಯಲ್ಲಿ ಚೀಸ್ ಮುಗೀತು ಅಂತ ರಾಕೆಟ್ ಕಟ್ಟಿ ಚಂದ್ರನಿಗೆ ಹೋಗುವ ಒಬ್ಬ ಮನುಷ್ಯ, ಅವನ ನಾಯಿ. ಕೋರ್ಸಿನ ಅವಧಿಯಲ್ಲಿ ಚಿತ್ರ ಮುಗೀಲಿಲ್ಲ. 1985ರಲ್ಲಿ ಆರ್ಡ್‌ಮನ್ ಸ್ಟುಡಿಯೋಗೆ ಸೇರಿದರು. ಅಲ್ಲಿ ಕೆಲಸ ಮಾಡ್ತಾನೇ 1989ರಲ್ಲಿ ಮುಗಿಸಿದರು. 23 ನಿಮಿಷದ ಚಿತ್ರಕ್ಕೆ ಏಳು ವರ್ಷ! ಅದೇ 'ಎ ಗ್ರ್ಯಾಂಡ್ ಡೇ ಔಟ್', ವಾಲೇಸ್ ಮತ್ತು ಗ್ರೋಮಿಟ್ ಹುಟ್ಟಿದ ಚಿತ್ರ. ಅದು ಆಸ್ಕರ್‌ಗೆ ನಾಮಿನೇಟ್ ಆಯ್ತು, ಆದರೆ ಸೋತಿತು. ಯಾರ ಎದುರು ಗೊತ್ತಾ? ನಿಕ್ ಪಾರ್ಕ್ ಅವರದೇ ಇನ್ನೊಂದು ಚಿತ್ರ 'ಕ್ರೀಚರ್ ಕಂಫರ್ಟ್ಸ್' ಎದುರು.

ಎಲ್ಲರಿಗೂ ಆಸ್ಕರ್ ಬರುತ್ತೆ ಅಂತ ನಾನು ಹೇಳ್ತಿಲ್ಲ. ಕಷ್ಟದ ಮಾತನ್ನೂ ಹೇಳಲೇಬೇಕು. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಕಂಪನಿ ಕುಸಿದಾಗ ಭಾರತದಲ್ಲಿ ಸಾವಿರಾರು ಜನರ ಕೆಲಸ ಹೋಯ್ತು, ಅವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದರು. ಹಾಲಿವುಡ್ ಚಿತ್ರಗಳಿಗೆ ದುಡಿದ ಕೈಗಳು ಅವು. 2012ರಲ್ಲೇ ಅನಿಮೇಷನ್ ನೀತಿ ತಂದ ರಾಜ್ಯ ನಮ್ಮದು. ಈಗ 2024ರಿಂದ 2029ರ ಅವಧಿಗೆ ಹೊಸ ನೀತಿಯೂ ಇದೆ. ಒಳ್ಳೆಯದೇ. ಆದರೆ ಹೊರದೇಶದಲ್ಲಿ ಒಂದು ಕಂಪನಿ ಬಿದ್ದರೆ ಇಲ್ಲಿ ಲ್ಯಾಪ್‌ಟಾಪ್ ವಾಪಸ್ ಕೊಟ್ಟು ಮನೆಗೆ ನಡೆಯಬೇಕಾದ ಪರಿಸ್ಥಿತಿ. ಆಗ ಕೈಯಲ್ಲಿ ಉಳಿಯೋದೇನು? ಸಾಫ್ಟ್‌ವೇರ್ ಬದಲಾಗುತ್ತೆ, ಎಐ ಬಂದು ಚಿತ್ರವನ್ನೂ ಬರೆದುಕೊಡುತ್ತೆ. ಯಾವ ಕಥೆ ಹೇಳಬೇಕು, ಯಾವ ಹತ್ತು ಸೆಕೆಂಡ್ ಬಿಡಬೇಕು ಅನ್ನೋ ತೀರ್ಮಾನ ಮಾತ್ರ ಒಂದು ಚಿತ್ರ ಮುಗಿಸಿದವರಿಗೇ ಬರೋದು.

ಪಕ್ಕದ ಕೇರಳ ನೋಡಿ. ಹಿರಿಯರೊಬ್ಬರು ಹೇಳುವ ದೆವ್ವದ ಕಥೆಗಳನ್ನು ಇಟ್ಟುಕೊಂಡು ಅದಿತಿ ಕೃಷ್ಣದಾಸ್ ಮಲಯಾಳದಲ್ಲಿ 'ಕಂಡಿಟ್ಟುಂಡು' ಅನ್ನೋ ಕಿರುಚಿತ್ರ ಮಾಡಿದರು. 69ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅದು ಅತ್ಯುತ್ತಮ ಅನಿಮೇಷನ್ ಚಿತ್ರ. ನಮ್ಮಲ್ಲಿ ದೆವ್ವಗಳಿಗೆ ಬರವೇ ಸ್ವಾಮಿ? ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದು ದೆವ್ವವನ್ನೇ ವಾಪಸ್ ಕಳಿಸಿದ ಜನ ನಾವು!

ಹಾಗಾಗಿ ಅಡ್ಮಿಷನ್‌ಗೆ ಹೋದಾಗ ಮೂರು ಪ್ರಶ್ನೆ ಕೇಳಿ. ಕಳೆದ ವರ್ಷದ ವಿದ್ಯಾರ್ಥಿಗಳ ಚಿತ್ರ ತೋರಿಸ್ತೀರಾ? ಶುರು ಮಾಡಿದವರಲ್ಲಿ ಎಷ್ಟು ಜನ ಮುಗಿಸಿದರು? ಪಾಠ ಮಾಡುವವರು ತಾವೇ ಒಂದಾದರೂ ಚಿತ್ರ ಮಾಡಿದ್ದಾರಾ? ಉತ್ತರ ತಡವರಿಸಿದರೆ ಚೆಕ್ ಬುಕ್ ಒಳಗೇ ಇರಲಿ.

ಉತ್ತರ ಸರಿಯಾಗಿ ಬಂದರೆ, ಮಗಳಿಗೆ ಸೀಟು ಕೊಡಿಸಿ. ಮುಂದೆ ಆರು ತಿಂಗಳು ಆಕೆ ರಾತ್ರಿಯೆಲ್ಲಾ ಟೇಬಲ್ ಬಿಟ್ಟು ಏಳದಿದ್ದಾಗ "ಇನ್ನೂ ಗೊಂಬೆ ಬರೀತಾ ಇದೀಯಾ?" ಅಂತ ಕೇಳಬೇಡಿ. "ಎಷ್ಟನೇ ಶಾಟ್ ಆಯ್ತಮ್ಮ?" ಅಂತ ಕೇಳಿ.