ನೀರ ಮೇಲಿನ ಹಸಿರು

ಸಂಜೆಯ ಹೊತ್ತು ಊರ ಕೆರೆಯ ಏರಿಯ ಮೇಲೆ ತಿರುಗಾಡಲು ಹೋಗುವ ಅಭ್ಯಾಸ ನಿಮಗಿದ್ದರೆ ನಾನು ಹೇಳಲಿರುವ ದೃಶ್ಯ ಹೊಸದೇನೂ ಅಲ್ಲ. ನೀರು ಕಾಣಬೇಕಾದ ಕಡೆ ನೀರಿಲ್ಲ. ದಡದಿಂದ ದಡಕ್ಕೆ ಹಸಿರು ಜಮಖಾನ ಹಾಸಿದಂತಿದೆ; ನಡುನಡುವೆ ನಸುನೇರಳೆ ಬಣ್ಣದ ಹೂಗೊಂಚಲು. ದೂರದಿಂದ ನೋಡಲು ಚೆಲುವಾಗಿಯೇ ಇದೆ. ಹತ್ತಿರ ಹೋದರೆ ಮಾತ್ರ ಮೂಗು ಮುಚ್ಚಿಕೊಳ್ಳಬೇಕು. "ಹಾಳು ಅಂತರಗಂಗೆ, ಕೆರೆಯನ್ನೇ ನುಂಗಿತು" ಎಂದು ಬೈದು ನಾವು ಮನೆಗೆ ಹಿಂದಿರುಗುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಕೆರೆಯಲ್ಲಿ ಹೀಗೆ ತುಂಬಿಕೊಂಡಿದ್ದ ಕಳೆಯನ್ನು ತೆಗೆಸಿದರು. ಕೂಲಿಯಾಳುಗಳು ಎದೆಮಟ್ಟದ ನೀರಿನಲ್ಲಿ ನಿಂತು ವಾರಗಟ್ಟಲೆ ಎಳೆದು ಎಳೆದು ಹಾಕಿದರು. ಕೊನೆಗೆ ನೀರು ಕಣ್ಣಿಗೆ ಬಿತ್ತು, ನಮಗೆಲ್ಲ ಸಂತೋಷವಾಯಿತು. ಆದರೆ ಎಳೆದ ಸೊಪ್ಪು ನೀರಂಚಿನಲ್ಲಿಯೇ ರಾಶಿಬಿದ್ದು ಕೊಳೆಯಿತು. ಮುಂಗಾರಿನ ಮೊದಲ ಮಳೆಗೆ ಆ ಕೊಳೆತ ರಸವೆಲ್ಲ ಇಳಿದು ಕೆರೆಯನ್ನೇ ಸೇರಿತು. ದೀಪಾವಳಿಯ ವೇಳೆಗೆ ಮತ್ತೆ ಅದೇ ಜಮಖಾನ! ಪಟ್ಟ ಶ್ರಮ, ಸುರಿದ ಹಣ, ಎರಡೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ತಪ್ಪು ಎಲ್ಲಿ ನಡೆಯಿತು? ಇದನ್ನು ತಿಳಿಯಬೇಕಾದರೆ ಆ ಗಿಡ ಏನನ್ನು ತಿಂದು ಅಷ್ಟು ಕೊಬ್ಬುತ್ತದೆ ಎಂಬುದನ್ನು ನೋಡಬೇಕು. ಅದಕ್ಕೆ ಊಟ ಹಾಕುವವರು ನಾವೇ. ನಮ್ಮ ಬಚ್ಚಲಿನಿಂದ, ಪಾಯಖಾನೆಯಿಂದ, ಅಡಿಗೆಮನೆಯ ಮೋರಿಯಿಂದ ಹರಿದುಹೋಗುವ ನೀರಿನಲ್ಲಿ ಸಾರಜನಕವುಂಟು, ರಂಜಕವುಂಟು, ಪೊಟ್ಯಾಷ್ ಉಂಟು. ಬಟ್ಟೆ ಒಗೆಯುವ ಕೆಲವು ಪುಡಿಗಳಿಂದಲೂ ರಂಜಕ ಸೇರುತ್ತದೆ. ಇವು ಮೂರೂ ರೈತನು ಚೀಲದ ಲೆಕ್ಕದಲ್ಲಿ ಹಣ ಕೊಟ್ಟು ತರುವ ಗೊಬ್ಬರದ ಸಾರವೇ. ಪಟ್ಟಣದಲ್ಲಿ ನಾವು ಚೆಲ್ಲುತ್ತೇವೆ, ಹಳ್ಳಿಯಲ್ಲಿ ಅವರು ಕೊಳ್ಳುತ್ತಾರೆ. ಚೆಲ್ಲಿದ್ದನ್ನು ಬಾಚಿ ಒಡಲಲ್ಲಿ ತುಂಬಿಕೊಂಡು ಕೆರೆಯ ಮೇಲೆ ತೇಲುತ್ತಿರುವುದು ಆ ಹಸಿರು.

ಈಗ ನಮ್ಮ ಕೆರೆಗಳಲ್ಲಿ ಹೆಚ್ಚಾಗಿ ಕಾಣುವ ನೇರಳೆ ಹೂವಿನ ಗಿಡ ದಕ್ಷಿಣ ಅಮೆರಿಕದ್ದು. ಹೂವಿನ ಚೆಲುವಿಗೆ ಮನಸೋತವರು ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಅದನ್ನು ಬಂಗಾಳದ ತೋಟಗಳಿಗೆ ತಂದರು. ಅದು ಹೊಳೆ, ಕಾಲುವೆ, ಗದ್ದೆಗಳಿಗೆಲ್ಲ ನುಗ್ಗಿ ದೋಣಿ ಸಾಗದಂತೆ ಮಾಡಿದಾಗ, ಅದನ್ನು ಅಡಗಿಸಲೆಂದೇ 1936ರಲ್ಲಿ ಬಂಗಾಳದಲ್ಲಿ ಕಾಯಿದೆಯೊಂದನ್ನು ಮಾಡಬೇಕಾಯಿತು. ಅನುಕೂಲ ಒದಗಿದರೆ ಎರಡು ವಾರದಲ್ಲಿ ಇಮ್ಮಡಿಸುವ ಗಿಡ ಅದು. ಕಾಯಿದೆಗೆ ಅದು ಹೆದರುತ್ತದೆಯೆ?

ಇಷ್ಟು ಹಾವಳಿ ಮಾಡಿದ ಗಿಡಕ್ಕೇ ಇನ್ನೊಂದು ಗುಣವೂ ಉಂಟು. ಅದರ ಬೇರು ನೀರಿನೊಳಗೆ ದಟ್ಟವಾದ ಕುಚ್ಚಿನ ಹಾಗೆ ಇಳಿಬಿದ್ದಿರುತ್ತದೆ. ನೀರಿನಲ್ಲಿ ತೇಲುವ ಕೊಳೆಯ ಕಣಗಳು ಈ ಕುಚ್ಚಿಗೆ ಸಿಕ್ಕಿಕೊಳ್ಳುತ್ತವೆ. ಬೇರಿಗಂಟಿ ಬದುಕುವ ಸೂಕ್ಷ್ಮಜೀವಿಗಳು ಅವನ್ನು ಅರಗಿಸುತ್ತವೆ. ಕರಗಿದ ಸಾರವನ್ನು ಗಿಡ ಹೀರಿಕೊಳ್ಳುತ್ತದೆ. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ವಿಜ್ಞಾನಿಗಳು 1970ರ ದಶಕದಲ್ಲಿ ಮಿಸಿಸಿಪಿ ರಾಜ್ಯದಲ್ಲಿ ಕೊಳಚೆನೀರಿನ ಕೊಳಗಳಲ್ಲಿ ಈ ಗಿಡವನ್ನು ಬೇಕೆಂದೇ ಬೆಳೆಸಿ, ನೀರು ತಿಳಿಯಾಗುವುದನ್ನು ತೋರಿಸಿಕೊಟ್ಟರು. ಆದರೆ ಅಲ್ಲೊಂದು ಕಟ್ಟುಪಾಡಿತ್ತು: ಬೆಳೆದ ಗಿಡವನ್ನು ಆಗಾಗ ತೆಗೆಯುತ್ತಲೇ ಇರಬೇಕು. ತೆಗೆಯದೆ ಬಿಟ್ಟರೆ ಅದು ಮುಪ್ಪಾಗಿ ಸತ್ತು, ತಳಕ್ಕಿಳಿದು ಕೊಳೆತು, ಹೀರಿದ್ದನ್ನೆಲ್ಲ ಬಡ್ಡಿಯೊಡನೆ ನೀರಿಗೇ ಹಿಂದಿರುಗಿಸುತ್ತದೆ. ಮೇಲೆ ಹಾಸು ಕವಿದದ್ದರಿಂದ ಬೆಳಕಿಲ್ಲ. ಕೆಳಗೆ ಕೊಳೆಯುವುದರಿಂದ ಆಮ್ಲಜನಕವಿಲ್ಲ. ಮೀನು ಉಸಿರುಕಟ್ಟಿ ಸಾಯುತ್ತದೆ. ಹೀಗೆ ಒಂದೇ ಗಿಡ ಒಂದು ಕೊಳದಲ್ಲಿ ಜಾಡಮಾಲಿ, ಇನ್ನೊಂದರಲ್ಲಿ ಯಮದೂತ. ಅವೆರಡರ ನಡುವಿನ ವ್ಯತ್ಯಾಸವೆಲ್ಲ ಅದನ್ನು ಎತ್ತಿ ಹೊರಗೆ ಸಾಗಿಸುವ ಕೈಯಲ್ಲಿದೆ. ನಮ್ಮ ಬಡಾವಣೆಯ ಕೆರೆಯಲ್ಲಿ ಎತ್ತಿದ್ದು ನಿಜ, ಸಾಗಿಸಲಿಲ್ಲ.

ಸಾಗಿಸುವುದು ಸುಲಭವೇ ಎಂದರೆ ಅದೂ ಅಲ್ಲ. ನೂರು ಕಿಲೋ ಹಸಿ ಗಿಡದಲ್ಲಿ ಸುಮಾರು ತೊಂಬತ್ತೈದು ಕಿಲೋ ಬರಿಯ ನೀರೇ. ಹಸಿಯಾಗಿಯೇ ಲಾರಿಗೆ ತುಂಬಿದರೆ ನೀರಿಗೆ ಬಾಡಿಗೆ ಕೊಟ್ಟಂತೆ. ಆದುದರಿಂದ ರಸ ಕೆರೆಗೆ ಇಳಿಯದಷ್ಟು ದೂರದಲ್ಲಿ ಹರಡಿ, ಕೆಲವು ದಿನ ಬಾಡಿಸಿ, ಕೊಚ್ಚಿ, ಸಗಣಿಯೊಡನೆ ಪದರ ಪದರವಾಗಿ ಪೇರಿಸಿ ಕಳಿಯಬಿಡಬೇಕು. ಎರಡು ಮೂರು ತಿಂಗಳಲ್ಲಿ ಒಳ್ಳೆಯ ಗೊಬ್ಬರವಾಗುತ್ತದೆ. ಹೂಬಿಟ್ಟು ಬೀಜ ಕಟ್ಟುವ ಮೊದಲೇ ತೆಗೆಯುವುದು ಲೇಸು. ಅದರ ಬೀಜ ಕೆಸರಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರಬಲ್ಲದು.

ಇದು ನಾವು ಚೆಲ್ಲಿದ ಸಾರವನ್ನು ಹಿಡಿದಿಡುವ ಗಿಡದ ಮಾತಾಯಿತು. ತಾವೇ ಗಾಳಿಯಿಂದ ಸಾರವನ್ನು ಸಂಪಾದಿಸುವ ಕಿರಿಯ ಜೀವಿಗಳೂ ನೀರಿನಲ್ಲುಂಟು. ಬತ್ತದ ಗದ್ದೆಗೆ ಹೊರಗಿನಿಂದ ಗೊಬ್ಬರ ಹಾಕದಿದ್ದರೂ ವರ್ಷ ವರ್ಷವೂ ಅಷ್ಟಿಷ್ಟು ಫಲ ಬರುತ್ತದಲ್ಲ, ಅದು ಹೇಗೆ? ಬಂಗಾಳದ ಗದ್ದೆಗಳ ಮಣ್ಣನ್ನು ಪರೀಕ್ಷಿಸಿದ ವಿಜ್ಞಾನಿ ಪಿ. ಕೆ. ಡೇ 1939ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ನಿಂತ ನೀರಿನಲ್ಲಿ ಬೆಳೆಯುವ ನೀಲಿಹಸಿರು ಪಾಚಿ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತದೆ ಎಂದರು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದ್ದರೂ ಬತ್ತದ ಪೈರಿಗೆ ಅದನ್ನು ನೇರವಾಗಿ ಉಣ್ಣಲು ಬಾರದು. ಪಾಚಿ ಅದನ್ನು ಅಟ್ಟು ಬಡಿಸುತ್ತದೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆರ್. ಎನ್. ಸಿಂಗ್ ಅವರು ಚೌಳು ನೆಲಕ್ಕೆ ಬದು ಹಾಕಿ, ಮಳೆನೀರು ನಿಲ್ಲಿಸಿ, ಈ ಪಾಚಿಯನ್ನು ಬೆಳೆಸಿ ನೆಲವನ್ನು ಹಸನುಮಾಡಬಹುದೆಂದು 1950ರಲ್ಲಿ ಪ್ರಕಟಿಸಿದರು. ಮುಂದೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಜಿ. ಎಸ್. ವೆಂಕಟರಾಮನ್ ಮತ್ತು ಸಂಗಡಿಗರು ಇದನ್ನು ರೈತರ ಕೈಗೆಟುಕುವಂತೆ ಮಾಡಿದರು. ತೊಟ್ಟಿಯಲ್ಲಿ ಮಣ್ಣು ನೀರು ಹಾಕಿ ಪಾಚಿಯನ್ನು ಬೆಳೆಸುವುದು, ಬಿಸಿಲಿಗೆ ಒಣಗಿಸಿ ಹಪ್ಪಳದಂತೆ ಎದ್ದ ಚಕ್ಕೆಗಳನ್ನು ಕೂಡಿಡುವುದು, ನಾಟಿಯಾದ ಒಂದು ವಾರಕ್ಕೆ ಹೆಕ್ಟೇರಿಗೆ 10 ಕಿಲೋದಂತೆ ಗದ್ದೆಯ ನೀರಿಗೆ ಎರಚುವುದು, ಇಷ್ಟೇ ಕೆಲಸ. ಪಾಚಿ ಚೆನ್ನಾಗಿ ಹಿಡಿದರೆ ಹೆಕ್ಟೇರಿಗೆ 20ರಿಂದ 30 ಕಿಲೋ ಸಾರಜನಕ ದೊರೆಯುತ್ತದೆ. ಯೂರಿಯಾದ ಲೆಕ್ಕದಲ್ಲಿ ಇದು ಒಂದು ಚೀಲ, ಒಂದೂವರೆ ಚೀಲದಷ್ಟು. ಬೆಳೆಯ ಹಸಿವೆಲ್ಲ ಇದರಿಂದಲೇ ತೀರುತ್ತದೆಂದು ಹೇಳಲಾರೆ. ಖರ್ಚಿನಲ್ಲಿ ಒಂದು ಪಾಲು ಉಳಿದೀತು.

ಅಜೋಲಾ ಎಂಬ ಪುಟ್ಟ ಗಿಡ ನಿಮ್ಮ ಹಿತ್ತಿಲಿಗೂ ಬರಬಲ್ಲದು. ಇದು ನೀರಿನ ಮೇಲೆ ತೇಲುವ ಜರಿಗಿಡ, ಬೆರಳುಗುರಿನಷ್ಟು ಅಗಲವಿದ್ದೀತು. ಇದರ ಎಲೆಯ ಪೊಳ್ಳಿನಲ್ಲಿ ನೀಲಿಹಸಿರು ಪಾಚಿ ಬಿಡಾರ ಹೂಡಿರುತ್ತದೆ. ಎಲೆ ಮನೆ ಕೊಡುತ್ತದೆ, ಪಾಚಿ ಸಾರಜನಕದ ಬಾಡಿಗೆ ಕೊಡುತ್ತದೆ. ಚೀನಾ ಮತ್ತು ವಿಯೆಟ್ನಾಮಿನ ರೈತರು ಬಹುಕಾಲದಿಂದ ಇದನ್ನು ಬತ್ತದ ಗದ್ದೆಯಲ್ಲಿ ಬೆಳೆಸಿ ಮಣ್ಣಿಗೆ ತುಳಿದಿದ್ದಾರೆ. ಬೆಳೆಸುವ ಕ್ರಮ ಸರಳ. ಅರೆನೆರಳಿನಲ್ಲಿ ಇಟ್ಟಿಗೆಯ ಅಂಚು ಕಟ್ಟಿ ಟಾರ್ಪಾಲು ಹಾಸಿರಿ. ಜರಡಿಯಾಡಿದ ಮಣ್ಣನ್ನು ತೆಳುವಾಗಿ ಹರಡಿ, ಸಗಣಿಯನ್ನು ಕದಡಿ ಸುರಿದು, ಸ್ವಲ್ಪ ಸೂಪರ್ ಫಾಸ್ಫೇಟ್ ಸೇರಿಸಿ, ನಾಲ್ಕು ಅಂಗುಲ ನೀರು ನಿಲ್ಲಿಸಿರಿ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿಯೋ ಹಸು ಸಾಕುವವರ ಮನೆಯಲ್ಲಿಯೋ ಒಂದು ಹಿಡಿ ಅಜೋಲಾ ಕೇಳಿ ತಂದು ಬಿಡಿರಿ. ಹದ ಕೂಡಿಬಂದರೆ ಮೂರರಿಂದ ಐದು ದಿನದಲ್ಲಿ ಇಮ್ಮಡಿಯಾಗುತ್ತದೆ. ಮಲ್ಲಿಗೆ, ಬದನೆ, ಕರಿಬೇವಿನ ಬುಡಕ್ಕೆ ಮಣ್ಣಿನೊಡನೆ ಬೆರೆಸಿರಿ. ತೊಟ್ಟಿಯ ಹಳೆಯ ನೀರನ್ನು ಗಿಡಗಳಿಗೇ ಸುರಿಯಿರಿ. ನೀರು ಬಯಲಾಗಿದ್ದರೆ ಸೊಳ್ಳೆ ಮೊಟ್ಟೆಯಿಟ್ಟೀತು. ಹಸಿರು ಪೂರ್ತಿ ಮುಚ್ಚಿರುವಂತೆ ನೋಡಿಕೊಳ್ಳಿರಿ. ಮುಚ್ಚಿದ ಮೇಲೆ ದಿನವೂ ಒಂದಿಷ್ಟನ್ನು ತೆಗೆಯಿರಿ. ಬಿಟ್ಟರೆ ಇಲ್ಲಿಯೂ ಕೆರೆಯ ಕಥೆಯೇ: ಒಂದರ ಮೇಲೊಂದು ಏರಿ ಕೊಳೆಯುತ್ತದೆ.

ಒಂದೆರಡು ಎಚ್ಚರಿಕೆಯ ಮಾತು. ಕೆರೆಗಳಲ್ಲಿ ಬೇಸಗೆಯಲ್ಲಿ ಹಸಿರು ಬಣ್ಣ ಕಲಸಿದಂತೆ ಕಾಣುವ ಪಾಚಿ ಕೆಲವೊಮ್ಮೆ ವಿಷಕಾರಿ. ಆ ನೀರನ್ನು ದನಕರುಗಳಿಗೆ ಕುಡಿಸಬಾರದು. ಇನ್ನು ಅಂತರಗಂಗೆ ಹೀರುವುದು ಗೊಬ್ಬರದ ಸಾರವನ್ನಷ್ಟೇ ಅಲ್ಲ. ಕಾರ್ಖಾನೆಯ ನೀರು ಸೇರುವ ಕೆರೆಯಲ್ಲಿ ಅದು ಸೀಸ, ಕ್ಯಾಡ್ಮಿಯಂ, ಕ್ರೋಮಿಯಂಗಳನ್ನೂ ಮೈದುಂಬಿಕೊಳ್ಳುತ್ತದೆ. ಅಂಥ ಕೆರೆಯ ಸೊಪ್ಪು ಸೊಪ್ಪು-ತರಕಾರಿಯ ಹೊಲಕ್ಕೆ ಹೋದರೆ ಆ ವಿಷ ನಮ್ಮ ತಟ್ಟೆಗೇ ಹಿಂದಿರುಗೀತು. ಪರೀಕ್ಷೆ ಮಾಡಿಸದೆ ಅದನ್ನು ಗೊಬ್ಬರವೆನ್ನಲಾಗದು. ಎಂದರೆ, ಗಿಡದ ಮೇಲೆ ಭಾರ ಹಾಕಿ ನಾವು ಸುಮ್ಮನೆ ಕೂರುವಂತಿಲ್ಲ; ಕೊಳಚೆಯನ್ನು ಕೆರೆಗೆ ಮುಟ್ಟುವ ಮೊದಲೇ ತಡೆಯಬೇಕು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದು, 2015, 2017 ಮತ್ತು 2018ರಲ್ಲಿ ಆ ಕೆರೆಯಲ್ಲಿ ಬೆಂಕಿಯೇ ಎದ್ದದ್ದು ನಿಮಗೆ ನೆನಪಿರಬಹುದು. ಅದೇ ನಗರದ ಜಕ್ಕೂರಿನಲ್ಲಿ ಕೊಳಚೆನೀರು ಶುದ್ಧೀಕರಣ ಘಟಕವನ್ನು ಹಾದು, ಜೊಂಡು ಬೆಳೆದ ಜೌಗಿನಲ್ಲಿ ಇನ್ನಷ್ಟು ತಿಳಿಯಾಗಿ ಕೆರೆಗೆ ಸೇರುವಂತೆ ಏರ್ಪಾಡು ಮಾಡಿದರು. ಘಟಕ ಮಾಡುವ ಕೆಲಸ ಘಟಕಕ್ಕೆ, ಗಿಡ ಮಾಡುವ ಕೆಲಸ ಗಿಡಕ್ಕೆ.

ನಮ್ಮ ಹಿರಿಯರು ಬೇಸಗೆಯಲ್ಲಿ ಕೆರೆ ಬತ್ತಿದಾಗ ಗಾಡಿ ಹೂಡಿಕೊಂಡು ಹೋಗಿ ಗೋಡುಮಣ್ಣನ್ನು ಹೇರಿ ಹೊಲಕ್ಕೆ ತರುತ್ತಿದ್ದರು. ಕೆರೆಯ ಹೂಳು ಹೋಗುತ್ತಿತ್ತು, ಹೊಲಕ್ಕೆ ಕಸುವು ಬರುತ್ತಿತ್ತು. ಹೊಲದಿಂದ ಇಳಿದದ್ದು ಹೊಲಕ್ಕೆ ಮರಳಬೇಕೆಂಬ ಲೆಕ್ಕ ಅವರಿಗೆ ತಿಳಿದಿತ್ತು. ನಾಳೆ ಸಂಜೆ ಏರಿಯ ಮೇಲೆ ನಿಂತು ಆ ಹಸಿರು ಜಮಖಾನವನ್ನು ನೋಡುವಾಗ ಬೈಯುವ ಮೊದಲು ಒಂದು ಗಳಿಗೆ ಯೋಚಿಸಿರಿ. ಅದು ನಮ್ಮ ಮನೆಮನೆಯ ಮೋರಿಯ ಲೆಕ್ಕದ ಪುಸ್ತಕ. ಮತ್ತು ನಿಮ್ಮ ಊರಿನಲ್ಲಿ ಕೆರೆಯ ಕಳೆ ತೆಗೆಸುವ ಸುದ್ದಿ ಬಂದಾಗ, ತೆಗೆಯುವವರನ್ನು ಮರೆಯದೆ ಒಂದು ಮಾತು ಕೇಳಿರಿ: "ತೆಗೆದದ್ದನ್ನು ಎಲ್ಲಿಗೆ ಸಾಗಿಸುತ್ತೀರಿ?"