ರಕ್ತದ ವರದಿಯಲ್ಲಿ ಬಿಳಿ ಕಣಗಳ ಲೆಕ್ಕ



ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವ ನೀವು ಪ್ರತಿ ಸಲ ಕೀಮೋಥೆರಪಿಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸುತ್ತೀರಿ. ವರದಿ ಕೈಗೆ ಬಂದ ಕೂಡಲೇ ದಪ್ಪಕ್ಷರದ ಅಂಕಿಗಳನ್ನು ಕಂಡು ಮನೆಯವರು ಗಾಬರಿಯಾಗುತ್ತಾರೆ. ಅದರ ಬಗ್ಗೆಯೇ ಇಂದು ನಾಲ್ಕು ಮಾತು.

ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್, ಲಿಂಫೋಸೈಟ್ ಎಂಬ ಎರಡು ಬಗೆಗಳು ಮುಖ್ಯ. ಗಾಯವಾದರೆ, ಕೀವಾದರೆ ಮೊದಲು ಓಡಿ ಬರುವುದು ನ್ಯೂಟ್ರೋಫಿಲ್. ಲಿಂಫೋಸೈಟ್‌ಗಳಲ್ಲಿ ಕೆಲವು ಕ್ಯಾನ್ಸರ್ ಕೋಶವನ್ನು ಗುರುತಿಸಿ ಕೊಲ್ಲಬಲ್ಲವು. ಗಡ್ಡೆಯೊಳಗೆ ಬಿಳಿ ಕಣಗಳಿರುವುದನ್ನು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಶೋ 1863ರಲ್ಲಿಯೇ ಗಮನಿಸಿದ್ದರು.

ನ್ಯೂಟ್ರೋಫಿಲ್ ಶೇಕಡಾ 60, ಲಿಂಫೋಸೈಟ್ ಶೇಕಡಾ 30 ಇದ್ದರೆ ಅವುಗಳ ಅನುಪಾತ 2. ಚಿಕಿತ್ಸೆ ಆರಂಭಿಸುವ ಮೊದಲೇ ಈ ಅನುಪಾತ ಹೆಚ್ಚಿದ್ದ ಮಹಿಳೆಯರಲ್ಲಿ ಒಟ್ಟಾರೆ ಫಲಿತಾಂಶ ಅಷ್ಟು ಚೆನ್ನಾಗಿರಲಿಲ್ಲವೆಂದು ಅನೇಕ ಅಧ್ಯಯನಗಳು ತೋರಿಸಿವೆ. ಆದರೆ ಅದು ನೂರಾರು ಜನರ ಸರಾಸರಿ ಲೆಕ್ಕ, ನಿಮ್ಮೊಬ್ಬರ ಜಾತಕವಲ್ಲ. ಜ್ವರ, ಹಲ್ಲಿನ ಸೋಂಕು, ಕಣ ಹೆಚ್ಚಿಸುವ ಇಂಜೆಕ್ಷನ್ ಇವೆಲ್ಲ ನ್ಯೂಟ್ರೋಫಿಲ್ಲನ್ನು ಏರಿಸುತ್ತವೆ. ಒಬ್ಬ ಮಗ ಮೊಬೈಲಿನಲ್ಲಿ ಓದಿ, ತಾಯಿಯ ಅನುಪಾತ ಏರಿದೆಯೆಂದು ಅಳುತ್ತಾ ಬಂದಿದ್ದ. ವಿಚಾರಿಸಿದರೆ, ಕೀಮೋ ಔಷಧಿ ಅಲರ್ಜಿ ಆಗದಿರಲೆಂದು ಆಕೆ ಹಿಂದಿನ ದಿನ ಡೆಕ್ಸಾಮೆಥಾಸೋನ್ ಮಾತ್ರೆ ನುಂಗಿದ್ದರು. ಆ ಮಾತ್ರೆ ನ್ಯೂಟ್ರೋಫಿಲ್ಲನ್ನು ಏರಿಸಿ ಲಿಂಫೋಸೈಟನ್ನು ಇಳಿಸುತ್ತದೆ, ಅಷ್ಟೇ! ಈ ಒಂದು ಅಂಕಿಯನ್ನು ನೋಡಿ ವೈದ್ಯರು ಔಷಧಿ ಬದಲಿಸುವುದಿಲ್ಲ. ನೀವೂ ಚಿಕಿತ್ಸೆ ನಿಲ್ಲಿಸಬೇಡಿ.

ಇದಕ್ಕಿಂತ ಹೆಚ್ಚು ಭರವಸೆಯ ಸೂಚನೆ ಇರುವುದು ಗಡ್ಡೆಯಿಂದ ತೆಗೆದ ತುಣುಕಿನಲ್ಲಿ. ಟ್ರಿಪಲ್ ನೆಗೆಟಿವ್ ಮತ್ತು ಹರ್-2 ಪಾಸಿಟಿವ್ ಬಗೆಯ ಗಡ್ಡೆಗಳೊಳಗೆ ಲಿಂಫೋಸೈಟ್‌ಗಳು ಹೆಚ್ಚಾಗಿ ನುಗ್ಗಿದ್ದರೆ, ಶಸ್ತ್ರಚಿಕಿತ್ಸೆಗೆ ಮೊದಲು ಕೊಡುವ ಕೀಮೋಗೆ ಗಡ್ಡೆ ಪೂರ್ತಿ ಕರಗುವ ಸಂಭವ ಹೆಚ್ಚು. ಕಡಿಮೆ ಇದ್ದವರಿಗೂ ಔಷಧಿ ಕೆಲಸ ಮಾಡುತ್ತದೆ. ಲಿಂಫೋಸೈಟ್‌ಗಳನ್ನು ಹುರಿದುಂಬಿಸುವ ಪೆಂಬ್ರೊಲಿಜುಮಾಬ್ ಎಂಬ ಔಷಧಿಗೆ, ಆರಂಭದ ಹಂತದಲ್ಲಿಯೇ ಅಪಾಯ ಹೆಚ್ಚಿರುವ ಟ್ರಿಪಲ್ ನೆಗೆಟಿವ್ ರೋಗಕ್ಕಾಗಿ 2021ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಬಲು ದುಬಾರಿ, ಎಲ್ಲರಿಗೂ ಬೇಕಾಗುವುದೂ ಇಲ್ಲ.

ಅಂಕಿ ಸರಿಪಡಿಸುತ್ತೇವೆಂದು ಮಾರುವ ರೋಗನಿರೋಧಕ ಪುಡಿ, ಕಷಾಯಗಳಿಗೆ ಹಣ ಸುರಿಯಬೇಡಿ. ಅವುಗಳಿಂದ ಕ್ಯಾನ್ಸರಿನ ಫಲಿತಾಂಶ ಸುಧಾರಿಸಿದ್ದಕ್ಕೆ ಆಧಾರವಿಲ್ಲ. ಕೆಲವು ಯಕೃತ್ತಿಗೆ ಹಾನಿ ಮಾಡಬಲ್ಲವು.

ನೀವು ನಿಜಕ್ಕೂ ಹೆದರಬೇಕಾದುದು ನ್ಯೂಟ್ರೋಫಿಲ್ ತೀರಾ ಇಳಿದಾಗ. ಕೀಮೋ ಆದ ಒಂದೆರಡು ವಾರದಲ್ಲಿ ಹೀಗಾಗುವುದುಂಟು. ಆಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಮಾತ್ರೆ ನುಂಗಿ ಬೆಳಗಿನವರೆಗೆ ಕಾಯದೆ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಬನ್ನಿ. ಬರುವಾಗ ಹಳೆಯ ವರದಿಗಳನ್ನೆಲ್ಲ ತನ್ನಿ.