ನಾಮಫಲಕ ಉದ್ಯಮಕ್ಕೆ ಕಟಿಂಗ್ ಪ್ಲಾಟರ್

ಡೊಂಬಿವಲಿ ಹಾಗೂ ಕಲ್ಯಾಣ ನಿಲ್ದಾಣಗಳ ನಡುವಣ ಠಾಕುರ್ಲಿಯಲ್ಲಿ ನಾಮಫಲಕ ತಯಾರಿಕೆಯನ್ನು ಸ್ವಯಂ ಉದ್ಯೋಗವಾಗಿ ಕೈಗೊಳ್ಳುವವರಿಗೆ ವಿನೈಲ್ ಹಾಳೆಯಿಂದ ಅಕ್ಷರ ಕೊಯ್ಯುವ ಪ್ಲಾಟರ್ ಯಂತ್ರವೇ ಮುಖ್ಯ ಬಂಡವಾಳ. ಅದನ್ನು ಆರಿಸುವಾಗ ಬೆಲೆಗಿಂತ ಮೊದಲು ಲಿಪಿಯನ್ನು ಗಮನಿಸಬೇಕು. ಮಹಾರಾಷ್ಟ್ರದಲ್ಲಿ 2022ರ ತಿದ್ದುಪಡಿಯ ತರುವಾಯ ಹತ್ತಕ್ಕಿಂತ ಕಡಿಮೆ ನೌಕರರಿರುವ ಅಂಗಡಿಗಳಿಗೂ ದೇವನಾಗರಿ ಲಿಪಿಯ ಮರಾಠಿ ಫಲಕ ಕಡ್ಡಾಯ. ಆ ಅಕ್ಷರಗಳು ಇತರ ಲಿಪಿಯವಕ್ಕಿಂತ ಚಿಕ್ಕವಿರಕೂಡದು. ಉಡುಪಿ ಹೋಟೆಲುಗಳೂ ಇದಕ್ಕೆ ಹೊರತಲ್ಲ.

ದೇವನಾಗರಿಯ ಶಿರೋರೇಖೆಯೇ ಇಲ್ಲಿನ ತೊಡಕು. ಕಂಪ್ಯೂಟರಿನಲ್ಲಿ ಅಕ್ಷರಗಳ ಆಕೃತಿಯನ್ನು ಮೊದಲೇ ಒಂದುಗೂಡಿಸದಿದ್ದರೆ ಅಲಗು ಒಂದೊಂದರ ಅಂಚನ್ನೂ ಬೇರೆಯಾಗಿ ಕೊಯ್ದು ರೇಖೆಯನ್ನು ತುಂಡರಿಸುತ್ತದೆ. ಇದು ಯಂತ್ರದ ದೋಷವಲ್ಲ. ಅನೇಕರು ಹಾಗೆಂದೇ ಭಾವಿಸುತ್ತಾರೆ. ಸುರುಳಿಯನ್ನು ನೇರವಾಗಿ ಕೂರಿಸಿದ ಮೇಲೂ ಹಾಳೆ ಓರೆಯಾಗಿ ಸರಿಯುತ್ತಿದ್ದರೆ ಮಾತ್ರ ಯಂತ್ರವನ್ನು ಸಂಶಯಿಸಬೇಕು. ಸ್ಟೆಪ್ಪರ್ ಮೋಟಾರಿನ ಯಂತ್ರಗಳು ಸಾಮಾನ್ಯವಾಗಿ ಅಗ್ಗ, ಸದ್ದೂ ಹೆಚ್ಚು. ಸರ್ವೊ ಮೋಟಾರಿನವು ದುಬಾರಿಯಾದರೂ ಸಣ್ಣ ತಿರುವುಗಳಲ್ಲಿ ನಿಖರ. 61 ಸೆಂಟಿಮೀಟರ್ ಅಗಲದ ಸುರುಳಿ ಹಿಡಿಯುವ ಯಂತ್ರ ಸಣ್ಣ ಅಂಗಡಿಗೆ ಸಾಕು.

ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ 50,000 ರೂಪಾಯಿಯವರೆಗೆ ಅಡಮಾನವಿಲ್ಲದೆ ಸಾಲ ದೊರೆಯುತ್ತದೆ. ಸಾಲದ ಹಣವಾದ್ದರಿಂದ ತೆರುವ ಮುನ್ನ ಮಾರಾಟಗಾರರಲ್ಲಿಯೇ ಎರಡು ಮೀಟರ್ ಉದ್ದದ ಮರಾಠಿ ಹೆಸರೊಂದನ್ನು ಕೊಯ್ಯಿಸಿ ನೋಡುವುದು ಲೇಸು. ಹೆಚ್ಚುವರಿ ಹಾಳೆಯನ್ನು ಸುಲಿಯುವಾಗ ಅನುಸ್ವಾರದ ಚುಕ್ಕೆ ಅದರೊಡನೆ ಕಿತ್ತು ಬಂದರೆ ಅಲಗಿನ ಒತ್ತಡವನ್ನು ಸರಿಪಡಿಸಿ ಮತ್ತೊಮ್ಮೆ ಕೊಯ್ಯಿಸಬೇಕು. ಆಗಲೂ ಬಂದರೆ ಬೇರೊಂದು ಯಂತ್ರವನ್ನು ನೋಡಬೇಕು.